ಪೀಪಾಯಿಯಿಂದ ಮಾಡಿದ ಹೊಗೆಯೊಲೆ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ವರ್ಷದ ಪರೀಕ್ಷಾಫಲಗಳನ್ನೂ ಆಟಪಾಟಗಳ ಬಹುಮಾನಗಳನ್ನೂ ಕುರಿತು ನಾಲ್ಕು ಮಾತು ಬರೆಯುವದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ಆ ವಿವರಗಳೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ನಾನು ಇಲ್ಲಿ ಬರೆಯಬೇಕೆಂದಿರುವದು ಶಾಲೆಯ ಹಿತ್ತಲಲ್ಲಿ, ಬಾವಿಕಟ್ಟೆಗೂ ಹಲಸಿನ ಮರಕ್ಕೂ ನಡುವೆ ನಿಂತಿರುವ ಒಂದು ಕಬ್ಬಿಣದ ಪೀಪಾಯಿಯ ವಿಷಯ. ಹಳೆಯ ವಿದ್ಯಾರ್ಥಿನಿಯರು ಬಂದಾಗ “ಇದೇನು ಟೀಚರ್, ಕಸ ಸುಡುವ ಡಬ್ಬಿಯೋ?” ಎಂದು ಕೇಳುತ್ತಾರೆ. ತಂದೆತಾಯಂದಿರಲ್ಲಿ ಕೆಲವರು ಕೇಳದೆಯೇ ಹುಬ್ಬು ಗಂಟಿಕ್ಕುತ್ತಾರೆ. ಇಬ್ಬರಿಗೂ ಸೇರಿ ಒಂದೇ ಉತ್ತರವನ್ನು ಇಲ್ಲಿ ಕೊಡುತ್ತೇನೆ.

ಅದು ಒಂದು ಹೊಗೆಯೊಲೆ. ಆಹಾರವನ್ನು ಉರಿಯಲ್ಲಿ ನೇರವಾಗಿ ಸುಡದೆ, ಮುಚ್ಚಿದ ಪಾತ್ರೆಯೊಳಗೆ ಮಂದವಾದ ಕಾವಿನಲ್ಲಿಯೂ ಕಟ್ಟಿಗೆಯ ಹೊಗೆಯಲ್ಲಿಯೂ ಬಹಳ ಹೊತ್ತು ಇಟ್ಟು ಬೇಯಿಸುವ ಸಾಧನ. ಅಮೇರಿಕಾ ದೇಶದ ದಕ್ಷಿಣ ಸೀಮೆಗಳಲ್ಲಿ ಈ ಅಡಿಗೆಗೆ ಬಾರ್ಬೆಕ್ಯೂ ಎಂದು ಹೆಸರು. ಮೂಲತಃ ಆ ಮಾತು ಕೆರಿಬಿಯನ್ ದ್ವೀಪಗಳ ತೈನೋ ಜನರದು. ಬೆಂಕಿಯ ಮೇಲೆ ಎತ್ತರದಲ್ಲಿ ಕೋಲುಗಳಿಂದ ಕಟ್ಟಿದ ಅಟ್ಟಕ್ಕೆ ಅವರು ಹೇಳುತ್ತಿದ್ದ ಹೆಸರನ್ನು ಸ್ಪೇನಿನವರು ‘ಬಾರ್ಬಕೋವಾ’ ಎಂದು ಬರೆದುಕೊಂಡರು. 19ನೆಯ ಶತಮಾನದಲ್ಲಿ ಜರ್ಮನ್ ಮತ್ತು ಚೆಕ್ ಜನರು ಟೆಕ್ಸಸು ಸೀಮೆಗೆ ಹೋಗಿ ನೆಲೆಸಿದಾಗ, ಅವರಲ್ಲಿಯ ಮಾಂಸದ ಅಂಗಡಿಯವರು ಮಾರಾಟವಾಗದೆ ಉಳಿದದ್ದನ್ನು ಹೊಗೆಯಲ್ಲಿಟ್ಟು ಮಾರುತ್ತಿದ್ದರು. ಎಣ್ಣೆಯ ಬಾವಿಗಳು ಹೆಚ್ಚಿದ ಮೇಲೆ, ಅಲ್ಲಿ ಬಿಸಾಡಿದ ಕೊಳವೆಗಳಿಂದಲೂ ಟ್ಯಾಂಕುಗಳಿಂದಲೂ ಜನರು ತಾವೇ ಒಲೆಗಳನ್ನು ಮಾಡಿಕೊಳ್ಳತೊಡಗಿದರು. ನಮಗೂ ಹೊಗೆಯ ಉಪಯೋಗ ತಿಳಿಯದ್ದಲ್ಲ. ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲ್ಗಡೆ ಮಾಂಸವನ್ನು ತೂಗಹಾಕಿ ಒಣಗಿಸುತ್ತಿದ್ದರು. ನಮ್ಮ ಅಜ್ಜಿಯಂದಿರು ಬೀಜದ ಕಾಯಿಗಳನ್ನು ಅಡಿಗೆಮನೆಯ ಅಟ್ಟದಲ್ಲಿ ಕಟ್ಟಿಡುತ್ತಿದ್ದದ್ದು ಹೊಗೆಗೆ ಹುಳು ಹತ್ತದೆಂಬ ಕಾರಣದಿಂದಲೇ.

ಟೆಕ್ಸಸಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ರಜೆಯಲ್ಲಿ ಊರಿಗೆ ಬಂದಿದ್ದಾಗ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಅಲ್ಲಿಯ ಜನಜೀವನವನ್ನು ಕುರಿತು ಮಾತಾಡುತ್ತ, ತಮ್ಮ ನೆರೆಯವರು ಹಳೆಯ ಟ್ಯಾಂಕಿನಿಂದ ಮಾಡಿದ ಒಲೆಯ ಚಿತ್ರವನ್ನು ತೋರಿಸಿದರು. ಮಕ್ಕಳು ನಕ್ಕು ಸುಮ್ಮನಾದರು. ಒಬ್ಬಳು ಮಾತ್ರ ಎದ್ದು ನಿಂತು, “ಇದರಲ್ಲಿ ಬಂಗುಡೆ ಒಣಗಿಸಲಿಕ್ಕಾಗುತ್ತದಾ?” ಎಂದು ಕೇಳಿದಳು. ಆ ಹುಡುಗಿಯ ತಾಯಿ ಮೀನು ಮಾರಿ, ಮಿಕ್ಕದ್ದನ್ನು ಉಪ್ಪು ಹಾಕಿ ಕಡಲತೀರದ ಮರಳಿನಲ್ಲಿ ಒಣಗಿಸಿ, ಒಣಮೀನಿನ ವ್ಯಾಪಾರದಿಂದ ಮನೆ ನಡಿಸುವವರು. ಹಿಂದಿನ ವಾರವಷ್ಟೇ ಅಕಾಲದ ಮಳೆ ಬಂದು, ಒಣಗಲು ಹಾಸಿದ್ದ ಮೀನೆಲ್ಲ ಒಂದೇ ರಾತ್ರಿಯಲ್ಲಿ ಕೆಟ್ಟು ಹೋಗಿತ್ತು. ಮಗಳನ್ನು ಶಾಲೆಯಿಂದ ಬಿಡಿಸುವ ಮಾತು ಆ ಮನೆಯಲ್ಲಿ ಎದ್ದಿದೆ ಎಂಬದು ನನ್ನ ಕಿವಿಗೆ ಬಿದ್ದಿತ್ತು. ಆದಕಾರಣ ಆ ಪ್ರಶ್ನೆಯನ್ನು ಕುತೂಹಲದ ಪ್ರಶ್ನೆಯೆಂದು ತಳ್ಳಿಬಿಡಲು ನನ್ನಿಂದಾಗಲಿಲ್ಲ. ಶುಕ್ರವಾರದ ಕೈಕೆಲಸದ ತಾಸಿನಲ್ಲಿ ಅಂಥದೊಂದು ಒಲೆಯನ್ನು ಮಾಡಿಯೇ ನೋಡುವದೆಂದು ನಿಶ್ಚಯಿಸಿದೆವು.

ಇದನ್ನು ಕಲಿಸುವವರು ಯಾರು? ನಾನು ಗಣಿತ ಮತ್ತು ಭೌತಶಾಸ್ತ್ರ ಕಲಿಸಿದವಳು, ಕಬ್ಬಿಣವನ್ನು ಬಲ್ಲವಳಲ್ಲ. ಬಲ್ಲವರು ನನ್ನ ಮನೆಯಲ್ಲಿಯೇ ಇದ್ದರು. ನನ್ನ ತಂದೆಯವರು 40 ವರ್ಷ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಮಾಡಿದವರು. ಈಗ ಅವರಿಗೆ 79 ವಯಸ್ಸು. ತಾಯಿಯವರು ತೀರಿಕೊಂಡಂದಿನಿಂದ ಜಗಲಿಯ ಕುರ್ಚಿಯಲ್ಲಿ ಕುಳಿತು, ಯಾರೊಡನೆಯೂ ಹೆಚ್ಚಾಗಿ ಮಾತಾಡದೆ, ಬೀದಿಯನ್ನು ನೋಡುತ್ತ ಹೊತ್ತು ಕಳೆಯುತ್ತಿದ್ದರು. ಕೈ ನಡುಗುತ್ತದೆ. ಅವರ ಆಯುಧಗಳ ಪೆಟ್ಟಿಗೆಯು ಮಂಚದ ಕೆಳಗೆ ಹಾಗೆಯೇ ಇತ್ತು. ಗುಜರಿಯವನು ಬಂದು ಎರಡು ಸಾರಿ ಬೆಲೆ ಕೇಳಿ ಹೋಗಿದ್ದನು. ನಾವು ಮೂವರು ಹೆಣ್ಣುಮಕ್ಕಳು. ಚಿಕ್ಕವಳಿದ್ದಾಗ ನಾನು ಆ ಪೆಟ್ಟಿಗೆಯ ಅರವನ್ನು ಕೈಗೆ ತಕ್ಕೊಂಡರೆ ಅವರು ಮೆಲ್ಲನೆ ಬಿಡಿಸಿಕೊಂಡು, “ಕೈ ಒರಟಾಗುತ್ತದೆ ಮಗಾ, ನೀನು ಪುಸ್ತಕ ಹಿಡಿ” ಎನ್ನುತ್ತಿದ್ದರು. ಹಿಡಿದ ಪುಸ್ತಕವೇ ನನ್ನನ್ನು ಈ ಕುರ್ಚಿಯ ವರೆಗೆ ತಂದಿತೆಂಬದು ನಿಜ. ಆದರೂ ಆ ಅರದ ತೂಕವು ನನ್ನ ಅಂಗೈಯಿಂದ ಹೋಗಲೇ ಇಲ್ಲ. “ಪಪ್ಪಾ, ಶುಕ್ರವಾರ ಶಾಲೆಗೆ ಬರುತ್ತೀರಾ?” ಎಂದು ಕೇಳಿದಾಗ ಅವರು ಉತ್ತರ ಹೇಳಲಿಲ್ಲ, ಒಳಗೆ ಹೋಗಿ ಪೆಟ್ಟಿಗೆಯನ್ನು ಎಳೆದು ತೆರೆದರು.

ಶಾಲೆಯ ಹಿಂದೆ ಒಂದು ಹಳೆಯ ನೀರಿನ ಟ್ಯಾಂಕು ಬಿದ್ದಿತ್ತು. ಮಕ್ಕಳು ಅದನ್ನೇ ಉಪಯೋಗಿಸೋಣವೆಂದು ಉರುಳಿಸಿಕೊಂಡು ಬಂದರು. ತಂದೆಯವರು ಉಗುರಿನಿಂದ ಕೆರೆದು ನೋಡಿ, ಕೂಡದೆಂದರು. ಅದು ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ ತಗಡು. ಸತುವು 419 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವ ಲೋಹ. ಅಂಥ ತಗಡನ್ನು ಬೆಸೆಯುವಾಗ ಅಥವಾ ಬಹಳ ಕಾಯಿಸುವಾಗ ಏಳುವ ಆವಿಯನ್ನು ಕುಡಿದ ಕೆಲಸಗಾರರಿಗೆ ಸಂಜೆ ಚಳಿಜ್ವರ ಬರುವದನ್ನು ಅವರು ಕಣ್ಣಾರೆ ಕಂಡವರು. ಪೆಟ್ರೋಲು, ಬಣ್ಣದ ದ್ರಾವಣ, ಕೀಟನಾಶಕಗಳಿದ್ದ ಪೀಪಾಯಿಯನ್ನಂತೂ ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲವೆಂದು ಅವರು ಮೊದಲ ದಿನವೇ ಮಕ್ಕಳಿಂದ ಮೂರು ಸಾರಿ ಹೇಳಿಸಿದರು. ಬರಿದಾದಂತೆ ಕಾಣುವ ಪೀಪಾಯಿಯೊಳಗೆ ಎಣ್ಣೆಯ ಆವಿ ಗಾಳಿಯೊಡನೆ ಬೆರೆತು ನಿಂತಿರುವದು. ಕೊಯ್ಯುವ ಉರಿಯ ಒಂದು ಕಿಡಿ ತಗಲಿದರೆ ಸಿಡಿಮದ್ದಿನಂತೆ ಒಡೆಯುವದು. ತುಂಬಿದ ಪೀಪಾಯಿಗಿಂತ ಬರಿದಾದದ್ದೇ ಹೆಚ್ಚು ಅಪಾಯದ್ದೆಂಬದನ್ನು ಮಕ್ಕಳು ನಂಬಲೊಲ್ಲದೆ ನನ್ನ ಮುಖ ನೋಡಿದರು. ಆ ದಿನದ ವಿಜ್ಞಾನ ಪಾಠವು ಅದೇ ಆಯಿತು.

ಕಡೆಗೆ ಅಡಿಗೆಯ ಎಣ್ಣೆಯನ್ನು ತುಂಬಿಸಿದ್ದ, ಮೇಲಿನ ಮುಚ್ಚಳವನ್ನು ಬಳೆ ಹಾಕಿ ಬಿಗಿಯುವಂಥ ಉಕ್ಕಿನ ಪೀಪಾಯಿಯೊಂದು ಎಣ್ಣೆಯ ವ್ಯಾಪಾರಿಗಳಿಂದ ದೊರೆಯಿತು. ಒಳಗಿನ ಅಡ್ಡಳತೆ 57 ಸೆಂಟಿಮೀಟರು, ಎತ್ತರ 85. ಎಷ್ಟು ಲೀಟರು ಹಿಡಿಯುವದೆಂದು ಲೆಕ್ಕ ಮಾಡಿಸಿದೆನು; ಸುಮಾರು 217 ಬಂತು. “ಇದನ್ನು 200 ಲೀಟರಿನ ಪೀಪಾಯಿ ಅನ್ನುತ್ತಾರಲ್ಲ, ಉಳಿದ ಜಾಗ ಯಾಕೆ?” ಎಂದು ಒಬ್ಬಳು ಕೇಳಿದಳು. ಬಿಸಿಲಿಗೆ ಎಣ್ಣೆ ಹಿಗ್ಗುವದಕ್ಕೆ ಎಡೆ ಬೇಡವೇ? ಇಂಥ ಪ್ರಶ್ನೆಯು ಕರಿಹಲಗೆಯ ಮುಂದೆ ಎಂದೂ ಹುಟ್ಟುವದಿಲ್ಲ.

ಪೀಪಾಯಿಯ ಪೂರ್ವೋತ್ತರವನ್ನು ಹುಡುಕುತ್ತ ಹೋದಾಗ ಸಿಕ್ಕಿದ ಸಂಗತಿಯು ಹೆಣ್ಣುಮಕ್ಕಳ ಶಾಲೆಗೆ ಬಹಳ ಒಪ್ಪುವಂಥದು. ನೆಲ್ಲಿ ಬ್ಲೈ ಎಂಬ ಹೆಸರಿನಿಂದ ಬರೆಯುತ್ತಿದ್ದ ಅಮೇರಿಕಾದ ಪತ್ರಿಕಾ ಬಾತ್ಮೀದಾರಳನ್ನು ಬಲ್ಲಿರಷ್ಟೆ. 1887ರಲ್ಲಿ ಹುಚ್ಚಿಯೆಂದು ನಟಿಸಿ ನ್ಯೂಯಾರ್ಕಿನ ಹುಚ್ಚರ ಆಸ್ಪತ್ರೆಯನ್ನು ಹೊಕ್ಕು ಅಲ್ಲಿಯ ಕ್ರೌರ್ಯವನ್ನು ಬಯಲಿಗೆ ತಂದವಳು. 1889ರಲ್ಲಿ ಹೊರಟು 72 ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡಿ 1890ರಲ್ಲಿ ಹಿಂತಿರುಗಿದವಳು. ಆಕೆಯ ಗಂಡನು 1904ರಲ್ಲಿ ತೀರಿಕೊಂಡ ಬಳಿಕ ಅವನ ಕಬ್ಬಿಣದ ಪಾತ್ರೆಗಳ ಕಾರ್ಖಾನೆಯನ್ನು ಆಕೆಯೇ ನಡಿಸಿದಳು. ಇಂದಿನ ಉಕ್ಕಿನ ಪೀಪಾಯಿಯ ಮೂಲರೂಪಕ್ಕೆ 1905ರಲ್ಲಿ ಪೇಟೆಂಟು ಪಡೆದವನು ಆ ಕಾರ್ಖಾನೆಯ ಹೆನ್ರಿ ವೆರ್ಹಾನ್ ಎಂಬ ಕೆಲಸಗಾರನು. ಅದರ ಹಕ್ಕನ್ನು ಆಕೆಯ ಹೆಸರಿಗೆ ಬರೆದುಕೊಟ್ಟನು. ಕೆಲವರು ಆಕೆಯೇ ಕಂಡುಹಿಡಿದಳೆಂದು ಬರೆಯುತ್ತಾರೆ. ಅಷ್ಟು ದೂರ ಹೋಗುವ ಅವಶ್ಯವಿಲ್ಲ. ಆಕೆಯ ಕಾರ್ಖಾನೆಯಲ್ಲಿ ಅದು ಹುಟ್ಟಿತೆಂಬದೇ ನಮ್ಮ ಮಕ್ಕಳಿಗೆ ಸಾಕಾಯಿತು. ಪೀಪಾಯಿಗೆ ಅವರು ಇಟ್ಟ ಹೆಸರು ನೆಲ್ಲಿ.

ಕೆಲಸವು ಆರು ಶುಕ್ರವಾರಗಳನ್ನು ತಕ್ಕೊಂಡಿತು. ಒಳಗಿನ ಬಣ್ಣದ ಲೇಪವನ್ನು ತೆಗೆಯುವದು ಮೊದಲ ಕೆಲಸ. ಮಕ್ಕಳಿಲ್ಲದ ಶನಿವಾರ, ಬಯಲಿನಲ್ಲಿ, ಪೀಪಾಯಿಯ ತುಂಬ ಕಟ್ಟಿಗೆ ಒಟ್ಟಿ ನಾಲ್ಕು ತಾಸು ಜೋರಾಗಿ ಉರಿಸಿದೆವು. ಆಮೇಲೆ ತಂತಿಯ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಬರಿಯ ಉಕ್ಕು ಕಾಣುವ ತನಕ ಬಿಡಲಿಲ್ಲ. ತಳದಿಂದ 5 ಸೆಂಟಿಮೀಟರು ಮೇಲೆ, ನಾಲ್ಕು ದಿಕ್ಕಿಗೆ, ಗಾಳಿ ಹೋಗುವದಕ್ಕೆ ಒಂದೊಂದು ಇಂಚಿನ ತೂತು. ಬೆಸುಗೆಯಾಗಲಿ ಕೊಯ್ಯುವ ಉರಿಯಾಗಲಿ ಮಕ್ಕಳ ಕೆಲಸದಲ್ಲಿ ಇರಕೂಡದೆಂದು ನಾನು ಹೇಳಿದ್ದರಿಂದ, ತಂದೆಯವರು ತಮ್ಮ ಕಾಲದ ಕೈಬೈರಿಗೆಯ ದಾರಿಯನ್ನೇ ಹಿಡಿದರು: ಇಂಚಿನ ವೃತ್ತವನ್ನು ಸೀಮೆಸುಣ್ಣದಿಂದ ಬರೆದು, ಅದರ ಗೆರೆಯ ಮೇಲೆ ಒತ್ತೊತ್ತಾಗಿ ಸಣ್ಣ ತೂತುಗಳನ್ನು ಕೊರೆದು, ನಡುವಿನ ಬಿಲ್ಲೆಯನ್ನು ಉಳಿಯಿಂದ ಹೊಡೆದು ತೆಗೆದು, ಅಂಚನ್ನು ಅರದಿಂದ ನಯಮಾಡುವದು. ಒಂದು ತೂತಿಗೆ ಒಂದು ತಾಸು. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತತಕ್ಕದ್ದು, ಹಿಂದಕ್ಕೆ ಎಳೆಯುವಾಗ ಎತ್ತತಕ್ಕದ್ದು. ಇಲ್ಲವಾದರೆ ಹಲ್ಲು ಮೊಂಡಾಗುವದು. ಇದನ್ನು ತೋರಿಸಿಕೊಡುವಾಗ ಅವರ ಕೈ ನಡುಗಿತು, ಅರ ಜಾರಿತು. ಆ ಮೀನುಗಾರರ ಹುಡುಗಿಯು ಏನೂ ಮಾತಾಡದೆ ಅವರ ಕೈಯ ಮೇಲೆ ತನ್ನ ಕೈಯಿಟ್ಟು, “ಹೀಗಾ ಅಜ್ಜಾ?” ಎಂದು ತಳ್ಳಿದಳು. “ಹೌದು ಮಗಾ, ಹಾಗೇ. ಅವಸರ ಮಾಡಬೇಡ” ಎಂದರು. ಅಂದಿನಿಂದ ಅವರು ಕುರ್ಚಿಯಲ್ಲಿ ಕುಳಿತು ಬಾಯಿಂದ ಹೇಳುವದು, ಅವಳು ಮಾಡುವದು. ಮಿಕ್ಕ ಮಕ್ಕಳು ಅವಳಿಂದ ಕಲಿತರು. ನಾನೂ ಒಂದು ತೂತನ್ನು ಅರದಿಂದ ಉಜ್ಜಿದೆನು. ತಂದೆಯವರು ಈ ಸಾರಿ ಬಿಡಿಸಿಕೊಳ್ಳಲಿಲ್ಲ.

ಈ ನಡುವೆ ವಿದ್ಯಾರ್ಥಿನಿಯೊಬ್ಬಳ ತಂದೆಯಿಂದ ಒಂದು ಕಾಗದ ಬಂತು. ‘ನಾವು ಮಗಳನ್ನು ಕಳುಹಿಸುವದು ವಿದ್ಯೆಗೆ; ಕಬ್ಬಿಣ ಕೊರೆಯುವದಕ್ಕಲ್ಲ, ಮೀನು ಸುಡುವದಕ್ಕೂ ಅಲ್ಲ’ ಎಂಬದು ಅದರ ತಾತ್ಪರ್ಯ. ಆ ಮನೆಯವರು ಮೀನು ಮಾಂಸ ತಿನ್ನುವವರಲ್ಲ. ಅವರ ಮಾತಿನ ಎರಡನೆಯ ಭಾಗವು ನ್ಯಾಯವಾದದ್ದು. ಆದದರಿಂದ ಯಾವ ಮಗುವೂ ತನ್ನ ಮನೆಯ ಆಚಾರಕ್ಕೆ ಒಪ್ಪದ್ದನ್ನು ಮುಟ್ಟಬೇಕಾಗಿಲ್ಲವೆಂದೂ, ಒಲೆಯ ಮೊದಲ ಪರೀಕ್ಷೆಯು ಬದನೆಕಾಯಿ ಮತ್ತು ಜೋಳದ ತೆನೆಯಿಂದ ಆಗುವದೆಂದೂ, ಮೀನಿಗೆ ಬೇರೆಯೇ ಜಾಲರಿ ಇರುವದೆಂದೂ ತಿಳಿಸಿದೆನು. ಮೊದಲನೆಯ ಭಾಗಕ್ಕೆ ಕಾಗದದಲ್ಲಿ ಉತ್ತರ ಬರೆಯದೆ, ಒಂದು ಶುಕ್ರವಾರ ತಾವೇ ಬಂದು ನೋಡಬೇಕೆಂದು ಕೇಳಿಕೊಂಡೆನು. ಅವರು ಬಂದರು. ಅವರ ಮಗಳು ಥರ್ಮಾಮೀಟರನ್ನು ಹತ್ತು ಹತ್ತು ನಿಮಿಷಕ್ಕೆ ನೋಡಿ ಗ್ರಾಫಿನ ಹಾಳೆಯ ಮೇಲೆ ಚುಕ್ಕಿಯಿಡುತ್ತಿದ್ದಳು. ಒಂದು ತಾಸು ಅವಳ ಹಿಂದೆಯೇ ನಿಂತಿದ್ದು, ಹೋಗುವಾಗ ಒಂದು ಬೇಯಿಸಿದ ತೆನೆಯನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೋದರು. ಆ ವಿಷಯವಾಗಿ ಮತ್ತೆ ಕಾಗದ ಬರಲಿಲ್ಲ.

ಇನ್ನು ಒಲೆ ನಡೆಯುವ ಬಗೆ. ತಳದಿಂದ 8 ಸೆಂಟಿಮೀಟರು ಎತ್ತರದಲ್ಲಿ ಕೆಂಡದ ಬುಟ್ಟಿ, ಬೂದಿ ಕೆಳಗೆ ಉದುರುವಂತೆ. ಬಾಯಿಂದ 18 ಸೆಂಟಿಮೀಟರು ಕೆಳಗೆ, ಸತುವಿನ ಲೇಪವಿಲ್ಲದ ನಾಲ್ಕು ಬೋಲ್ಟುಗಳ ಮೇಲೆ ಕೂಡುವ ಜಾಲರಿ. ಮುಚ್ಚಳದಲ್ಲಿ ಅರ್ಧ ಇಂಚಿನ ಎಂಟು ತೂತು. ಗೆರಟೆಯ ಇದ್ದಲಿನ ಕೆಂಡದ ಮೇಲೆ ಪೇರಳೆ ಮರದ ಒಣತುಂಡು ಎರಡೋ ಮೂರೋ ಇಟ್ಟರೆ ಸಾಕು. ಇಲ್ಲಿ ಕಾವನ್ನು ಆಳುವದು ಕಟ್ಟಿಗೆಯಲ್ಲ, ಗಾಳಿ. ಕೆಳಗಿನ ಮೂರು ತೂತುಗಳನ್ನು ಮುಚ್ಚಿ ನಾಲ್ಕನೆಯದನ್ನು ಅರ್ಧ ತೆರೆದರೆ ಕೆಂಡಕ್ಕೆ ಆಮ್ಲಜನಕವು ಅಳೆದು ಕೊಟ್ಟಂತಾಗಿ, ಒಳಗಿನ ಕಾವು 110 ಡಿಗ್ರಿಯ ಆಸುಪಾಸಿನಲ್ಲಿ ತಾಸುಗಟ್ಟಲೆ ನಿಲ್ಲುವದು. ಮುಚ್ಚಳ ತೆರೆದು ಇಣಿಕಿ ನೋಡುವ ಚಪಲದಿಂದ ಕಾವು ಮೊದಲು ಇಳಿದು, ಆಮೇಲೆ ಹೊಸ ಗಾಳಿ ಹೊಕ್ಕು ಮಿತಿಮೀರಿ ಏರುವದು. ಗ್ರಾಫಿನಲ್ಲಿ ಪ್ರತಿಯೊಂದು ಇಣಿಕಿಗೂ ಒಂದೊಂದು ಗೂನು ಬಿದ್ದದ್ದನ್ನು ನೋಡಿ ಮಕ್ಕಳು ತಾವೇ ಬುದ್ಧಿ ಕಲಿತರು. ಹೊಗೆಯು ದಪ್ಪವಾಗಿ ಬೆಳ್ಳಗೆ ಬಂದರೆ ಕಟ್ಟಿಗೆ ಸರಿಯಾಗಿ ಉರಿಯುತ್ತಿಲ್ಲ, ಆಹಾರ ಕಹಿಯಾಗುವದು. ತೆಳ್ಳಗೆ ನೀಲಿಯಾಗಿ, ಕಂಡೂ ಕಾಣದಂತೆ ಬರಬೇಕು. ಕಟ್ಟಿಗೆಯಲ್ಲಿರುವ ಲಿಗ್ನಿನ್ ಎಂಬ ವಸ್ತುವು ಕಾವಿಗೆ ಒಡೆದು ಗ್ವಾಯಕಾಲ್, ಸಿರಿಂಗಾಲ್ ಮುಂತಾದ ಸುವಾಸನೆಯ ಪದಾರ್ಥಗಳಾಗುವವು. ಹೊಗೆಯ ರುಚಿ ಮುಖ್ಯವಾಗಿ ಅವುಗಳದು. ಬಣ್ಣ ಬಳಿದ ಹಲಗೆಯನ್ನೂ ಗೇರುಬೀಜದ ಸಿಪ್ಪೆಯನ್ನೂ ಒಲೆಯ ಹತ್ತಿರ ತರಬಾರದು. ಗೇರುಸಿಪ್ಪೆಯ ಎಣ್ಣೆಯ ಹೊಗೆ ಕಣ್ಣನ್ನೂ ಚರ್ಮವನ್ನೂ ಸುಡುವಂಥದು.

ಹೊಗೆಯಲ್ಲಿ ಕೇಡೂ ಇದೆ ಎಂಬದನ್ನು ಮರೆಮಾಡಿ ಕಲಿಸುವದು ನಮಗೆ ಸಲ್ಲದು. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಹೊತ್ತಿದಾಗ ಹುಟ್ಟುವ ಕೆಲವು ಪದಾರ್ಥಗಳು ಅರ್ಬುದ ರೋಗಕ್ಕೆ ಕಾರಣವಾಗುತ್ತವೆ. ಹೊಗೆಯಿಟ್ಟ ಮಾಂಸವೂ ಸೇರಿ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2015ರಲ್ಲಿ ಆ ರೋಗಕ್ಕೆ ಕಾರಣವಾಗುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿತು. ಆದುದರಿಂದ ಇದು ಅಪರೂಪಕ್ಕೆ ತಿನ್ನತಕ್ಕ ಪದಾರ್ಥ; ಹೊಗೆಗೆ ಬೆನ್ನು ಕೊಟ್ಟು, ಬಯಲಿನಲ್ಲಿ ಮಾಡತಕ್ಕ ಕೆಲಸ.

ಏಳನೆಯ ಶುಕ್ರವಾರ ಬಂಗುಡೆಯ ಪರೀಕ್ಷೆ. ಆ ಹುಡುಗಿಯ ತಾಯಿ ಬೆಳಿಗ್ಗೆ ದೋಣಿಯಿಂದ ಇಳಿದ ಮೀನನ್ನು ಮಂಜಿನ ಗಡ್ಡೆಯಲ್ಲಿಟ್ಟು ತಂದರು. ಇಲ್ಲಿ ಒಂದು ಮಾತು ಎಲ್ಲ ಗೃಹಿಣಿಯರೂ ಕೇಳಬೇಕು: ಬಂಗುಡೆಯಂಥ ಮೀನು ಬಿಸಿಲಲ್ಲಿ ಬಿದ್ದರೆ ಅದರಲ್ಲಿ ಹಿಸ್ಟಮೀನ್ ಎಂಬ ವಿಷಯುಕ್ತ ಪದಾರ್ಥ ಬೆಳೆಯುವದು. ಅದು ಒಮ್ಮೆ ಬೆಳೆದ ಮೇಲೆ ಬೇಯಿಸಿದರೂ ಹೋಗದು, ಹುರಿದರೂ ಹೋಗದು. ಮುಖ ಕೆಂಪೇರಿ ಮೈಯೆಲ್ಲ ದದ್ದು ಏಳುವದು ಅದರಿಂದಲೇ. ಮೀನನ್ನು ಸೀಳಿ ತೊಳೆದು, ಲೀಟರಿಗೆ 100 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಒಂದು ತಾಸು ಇಟ್ಟು, ಮೇಲ್ಮೈ ಅಂಟಂಟಾಗುವ ತನಕ ಗಾಳಿಗೆ ಆರಿಸಿ, ಜಾಲರಿಯ ಮೇಲೆ ಹರಡಿದೆವು. ಮೀನಿನ ಒಳಗಿನ ಕಾವು 63 ಡಿಗ್ರಿಗೆ ಏರಿ ಅರ್ಧ ತಾಸು ಅಲ್ಲಿಯೇ ನಿಲ್ಲಬೇಕು. ತೆಗೆದಾಗ ಬಂಗುಡೆಯು ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ತಂದೆಯವರು ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿದರು. ಮನೆಯಲ್ಲಿ ಅವರು ಹೀಗೆ ಊಟ ಮಾಡಿ ತಿಂಗಳುಗಳಾಗಿದ್ದವು.

ಆ ತಾಯಿ ಒಂದನ್ನು ಮುರಿದು ಮೂಸಿ, ಸ್ವಲ್ಪವೇ ತಿಂದು, “ರುಚಿ ಉಂಟು ಟೀಚರೇ. ಎಷ್ಟು ದಿನ ಇರ್ತದೆ?” ಎಂದು ಕೇಳಿದರು. ಮಗಳ ಪ್ರಶ್ನೆಯ ತಿರುಳು ಇದೇ ಆಗಿತ್ತು. ನಾನು ನಿಜವನ್ನೇ ಹೇಳಿದೆನು: ಹೀಗೆ ಬೇಯಿಸಿದ ಮೀನು ಮೆತ್ತಗಿರುವದು, ಅದರಲ್ಲಿ ನೀರು ಉಳಿದಿರುವದು, ಶೀತಪೆಟ್ಟಿಗೆಯಲ್ಲಿ ಕೆಲವು ದಿನ, ಹೊರಗೆ ಇಟ್ಟರೆ ಮರುದಿನಕ್ಕೂ ನಂಬುವ ಹಾಗಿಲ್ಲ. ಒಣಮೀನಿನ ಹಾಗೆ ತಿಂಗಳುಗಟ್ಟಲೆ ಇರಬೇಕಾದರೆ ಮಂದವಾದ ಕಾವಿನಲ್ಲಿ ಬಹಳ ಹೊತ್ತು ಇಟ್ಟು ಗಟ್ಟಿಯಾಗಿ ಒಣಗಿಸಬೇಕು. ಅದಕ್ಕೆ ಇಷ್ಟು ಸಣ್ಣ ಪೀಪಾಯಿ ಸಾಲದು. ಒಂದು ಸಾರಿಗೆ 25 ಬಂಗುಡೆಗಿಂತ ಹೆಚ್ಚು ಹಿಡಿಯದು. ಅವರ ಮುಖ ಬಾಡಿತು. ಮಗಳು ನೆಲ ನೋಡಿದಳು.

ಆಗ ನಾನು ಓದಿಟ್ಟುಕೊಂಡಿದ್ದ ಇನ್ನೊಂದು ಸಂಗತಿಯನ್ನು ತಿಳಿಸಿದೆನು. ಆಫ್ರಿಕಾ ಖಂಡದ ಘಾನಾ ದೇಶದಲ್ಲಿ ಮೀನಿಗೆ ಹೊಗೆಯಿಡುವದು ಹೆಂಗಸರ ಕಸಬು. ಅವರೂ ಮೊದಲು ಎಣ್ಣೆಯ ಪೀಪಾಯಿಗಳಲ್ಲಿಯೂ ಮಣ್ಣಿನ ದುಂಡು ಒಲೆಗಳಲ್ಲಿಯೂ ಮೀನನ್ನು ಇಟ್ಟು, ಬಿಸಿಯಲ್ಲಿಯೇ ಕೈಹಾಕಿ ತಿರುವುತ್ತಿದ್ದರು. 1970ರ ಸುಮಾರಿಗೆ ರಾಜಧಾನಿಯಾದ ಅಕ್ರಾದ ಕಡಲತೀರದ ಚೋರ್ಕೋರ್ ಎಂಬಲ್ಲಿ, ಆ ದೇಶದ ಆಹಾರ ಸಂಶೋಧನಾ ಸಂಸ್ಥೆಯೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ವಿಭಾಗವೂ ಆ ಹೆಂಗಸರೊಡನೆ ಸೇರಿ ಹೊಸದೊಂದು ಒಲೆಯನ್ನು ರೂಪಿಸಿದವು: ಆಯತಾಕಾರದ ಗೋಡೆ, ಅದರ ಮೇಲೆ ಒಂದರ ಮೇಲೊಂದಾಗಿ ಕೂಡುವ ಮರದ ಚೌಕಟ್ಟಿನ ಜಾಲರಿಗಳು. ಜಾಲರಿಗಳೇ ಹೊಗೆಗೂಡಿನ ಕೆಲಸವನ್ನು ಮಾಡುತ್ತವೆ. ಕೆಳಗಿನದನ್ನು ಮೇಲೆ, ಮೇಲಿನದನ್ನು ಕೆಳಗೆ ಇಟ್ಟರೆ ಮೀನನ್ನು ಕೈಯಿಂದ ತಿರುವಬೇಕಾಗಿಲ್ಲ, ಕಟ್ಟಿಗೆಯೂ ಕಡಿಮೆ. ಆ ತಾಯಿ ಚಿತ್ರವನ್ನು ಬಹಳ ಹೊತ್ತು ನೋಡಿದರು. “ಮಣ್ಣಿನ ಗೋಡೆ ನಾನೇ ಕಟ್ಟುವೆ. ಜಾಲರಿ ಇವಳು ಮಾಡ್ತಾಳಾ?” ಎಂದರು. “ಮಾಡ್ತೇನಮ್ಮ” ಎಂದಳು ಹುಡುಗಿ, ನಮ್ಮ ಯಾರ ಮುಖವನ್ನೂ ನೋಡದೆ, ನನ್ನ ತಂದೆಯವರ ಪೆಟ್ಟಿಗೆಯನ್ನು ನೋಡುತ್ತ.

ಒಲೆಯನ್ನು ಅವರ ಮನೆಯ ಹಿಂದೆ, ಹುಲ್ಲಿನ ಮಾಡಿನ ಕೆಳಗೆ ಕಟ್ಟಿಯಾಗಿದೆ. ಯಂತ್ರದ ದೋಣಿಗಳು ಜೂನ್ 1ರಿಂದ ಜುಲೈ 31ರ ವರೆಗೆ ಕಡಲಿಗಿಳಿಯಬಾರದೆಂಬ ನಿಯಮದಿಂದ ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮೀನು ಕಡಿಮೆ, ಬೆಲೆ ಹೆಚ್ಚು. ಬಿಸಿಲಿಲ್ಲದ ಆ ದಿನಗಳಲ್ಲಿ ನಾಡದೋಣಿಯ ಮೀನಿಗೆ ಅದು ಎಷ್ಟು ಉಪಯೋಗಕ್ಕೆ ಬರುವದೆಂಬದನ್ನು ಬರುವ ಮಳೆಗಾಲವೇ ಹೇಳಬೇಕು. ಹುಡುಗಿಯು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳ ತಾಯಿ ಪರೀಕ್ಷಾ ಶುಲ್ಕವನ್ನು ತಾವಾಗಿಯೇ ತಂದು ಕಟ್ಟಿದರು. ತಂದೆಯವರ ಪೆಟ್ಟಿಗೆ ಶಾಲೆಯ ಕೈಕೆಲಸದ ಕೋಣೆಯಲ್ಲಿದೆ. ಬೀಗದ ಕೈ ಅವಳ ಬಳಿಯಲ್ಲಿ. ಅವರು ಶುಕ್ರವಾರಗಳಲ್ಲಿ ಆಟೋರಿಕ್ಷಾದಲ್ಲಿ ಬಂದು, ಬರುವ ವರ್ಷದ ಮಕ್ಕಳಿಗಾಗಿ ಅರಗಳನ್ನು ಎಣ್ಣೆಯ ಬಟ್ಟೆಯಿಂದ ಒರಸಿಡುತ್ತಾರೆ.

ಪೀಪಾಯಿಯ ಅಳತೆಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿದ್ದೇವೆ. ಬೇಕಾದ ಹಳೆಯ ವಿದ್ಯಾರ್ಥಿನಿಯರೂ ತಂದೆತಾಯಂದಿರೂ ಶಾಲೆಯ ಕಚೇರಿಯಲ್ಲಿ ಕೇಳಿ ಪಡೆಯಬಹುದು. ಬರುವಾಗ, ತಾವು ನೋಡಿಟ್ಟ ಪೀಪಾಯಿಯಲ್ಲಿ ಮೊದಲು ಏನು ತುಂಬಿಸಿದ್ದರೆಂಬದನ್ನು ತಪ್ಪದೆ ವಿಚಾರಿಸಿಕೊಂಡು ಬರಬೇಕು. ತಂದೆಯವರು ಮೊದಲು ಕೇಳುವದು ಅದನ್ನೇ.